ಆನೆಗೆ ಹತ್ತು, ಮುಂಗುಸಿಗೆ ಎರಡು

ಕಳೆದ ಬೇಸಿಗೆ ರಜೆಯಲ್ಲಿ ಶ್ರೀನಿವಾಸಪುರದ ನಮ್ಮ ಮನೆಯ ಜಗಲಿಯ ಮೇಲೆ ನಾಲ್ವರು ಮೊಮ್ಮಕ್ಕಳು ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ 96 ಕಾರ್ಡುಗಳ ಆಟವೊಂದನ್ನು ಸಿದ್ಧಪಡಿಸಿದರು. ಆನೆ, ಚಿರತೆ, ಕಾಡುಹಂದಿ, ನಾಯಿ, ನಾಗರ, ಮುಂಗುಸಿ, ಎಲ್ಲವೂ ನಮ್ಮ ಸೀಮೆಯವೇ. ಪ್ರತಿ ಕಾರ್ಡಿನಲ್ಲಿ ಎರಡು ಅಂಕಿ: ಒಂದು ಪ್ರಾಣಿಯ ಬಲ, ಇನ್ನೊಂದು ಅದನ್ನು ಕಣಕ್ಕಿಳಿಸಲು ತೆರಬೇಕಾದ ಮೇವು. ಮೊದಲ ಸರದಿಗೆ ಒಂದು ಮೇವು, ಎರಡನೆಯದಕ್ಕೆ ಎರಡು, ಹೀಗೆ ಏರುತ್ತದೆ. ತಲಾ 12 ಕಾರ್ಡುಗಳ ಕಟ್ಟಿನಿಂದ ಒಂದನ್ನು ಆರಿಸಿಕೊಂಡು ಉಳಿದುದನ್ನು ಪಕ್ಕದವರಿಗೆ ದಾಟಿಸಬೇಕು; ಎರಡು ಸುತ್ತು ಮುಗಿದಾಗ ಆರಿಸಿದ್ದರಿಂದಲೇ ಆಡಬೇಕು. ಇದಕ್ಕೆ ಡ್ರಾಫ್ಟ್ ಎನ್ನುತ್ತಾರಂತೆ. ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್ ರೂಪಿಸಿ, 1993ರಲ್ಲಿ ಹೊರಬಂದ ಮ್ಯಾಜಿಕ್ ಎಂಬ ಆಟದಿಂದ ಕಲಿತದ್ದು.

ಆಟದ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಕೋಲಾರದಲ್ಲಿ ಪಿಯುಸಿ ಓದುವ ಹಿರಿಯ ಮೊಮ್ಮಗ ಬಾಗಿಲಿಗೆ ಅಂಟಿಸಿದ ಪಟ್ಟಿಯ ಬಗ್ಗೆ. ಬಲವನ್ನಷ್ಟೇ ನೋಡಿ ಪ್ರತಿ ಪ್ರಾಣಿಗೆ ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟಿದ್ದ. ಆನೆಗೆ ಹತ್ತು, ಮುಂಗುಸಿಗೆ ಎರಡು. ಎಂಟು ವರ್ಷದ ಕಿರಿಯವಳು ಮೊದಲಿಗೇ ಮುಂಗುಸಿಯನ್ನು ಆರಿಸಿದಾಗ ಮೂವರೂ ನಕ್ಕರು. ಅವಳು ಎದ್ದು ಒಳಗೆ ಹೋದಳು, ಆ ದಿನ ಮತ್ತೆ ಬರಲಿಲ್ಲ.

ಈ ಪಟ್ಟಿ ಲೆಕ್ಕದಲ್ಲಿಯೇ ತಪ್ಪು. ಆನೆಗೆ ಏಳು ಮೇವು ಬೇಕು. (ಏಳು ಕಡಿಮೆಯೇ ಆಯಿತು, ರಾಗಿ ಹೊಲ ಕಳೆದುಕೊಂಡ ಮಾಲೂರಿನ ರೈತರನ್ನು ಕೇಳಿ ನೋಡಿ.) ಎದುರಾಳಿಯು ಎರಡನೆಯ ಸರದಿಯಲ್ಲಿ ಎರಡು ಬಲದ ನಾಯಿ, ಮೂರನೆಯದರಲ್ಲಿ ಮೂರರ ಟಗರು, ನಾಲ್ಕನೆಯದರಲ್ಲಿ ನಾಲ್ಕರ ಹಂದಿಯನ್ನು ಇಳಿಸಿದನೆನ್ನಿ. ಇಳಿದ ಮರುಸರದಿಯಿಂದ ಅವು ದಾಳಿ ಮಾಡುತ್ತವೆ: ಎರಡು, ಐದು, ಒಂಬತ್ತು. ಐದನೆಯ ಸರದಿಗೆ 16 ಪೆಟ್ಟು. ಪ್ರತಿಯೊಬ್ಬರ ಪ್ರಾಣವಿರುವುದು 20. ಬರಿಯ ಆನೆ ಚಿರತೆಗಳನ್ನೇ ಕೂಡಿಹಾಕಿಕೊಂಡವನು ಆರನೆಯ ಸರದಿಯಲ್ಲಿ, ಕೈಯಲ್ಲಿ ಆನೆಯನ್ನು ಹಿಡಿದುಕೊಂಡೇ ಸೋಲುತ್ತಾನೆ.

ಹಾಗೆಂದು ಅಗ್ಗದ ಪ್ರಾಣಿಯೇ ಮೇಲೆಂಬ ಪಟ್ಟಿ ಬರೆದರೆ ಅದೂ ಅಷ್ಟೇ ಪೊಳ್ಳು. ಹತ್ತನೆಯ ಸರದಿಯಲ್ಲಿ ಕೈಗೆ ಬಂದ ಇಲಿಯಿಂದ ಏನಾದೀತು? ಮೊದಲ ಆನೆಗೂ ಐದನೆಯ ಆನೆಗೂ ಒಂದೇ ಬೆಲೆ ಇರಲಾರದು.

ಇನ್ನು ಮುಂಗುಸಿ. ಅದರ ಬಲ ಒಂದೇ, ನಿಜ. ಆದರೆ ಯಾವ ಹಾವನ್ನಾದರೂ ಕೊಲ್ಲಬಲ್ಲುದೆಂದು ಕಾರ್ಡಿನಲ್ಲಿಯೇ ಬರೆದಿದೆ. ಏಳು ಬಲದ ಹೆಬ್ಬಾವೂ ಅದರ ಮುಂದೆ ಉಳಿಯದು. ನಾನು ಕಟ್ಟನ್ನು ಬಿಚ್ಚಿ ಎಣಿಸಿದೆ. 96ರಲ್ಲಿ 14 ಹಾವುಗಳಿದ್ದವು, ಹೆಚ್ಚು ಕಡಿಮೆ ಏಳಕ್ಕೊಂದು! ಅಂಗಡಿಯಲ್ಲಿ ಕೊಂಡ ಆಟಕ್ಕೆ ಯಾರೋ ಬರೆದ ಪಟ್ಟಿ ನೋಡಬಹುದು. ತಾವೇ ಮಾಡಿದ ಆಟದಲ್ಲಿ ಯಾವ ಪ್ರಾಣಿ ಎಷ್ಟಿದೆ ಎಂಬುದನ್ನು ಎಣಿಸದೆ ಬೆಲೆ ಕಟ್ಟುವುದು ಸೋಮಾರಿತನ.

ನಮ್ಮ ಹಿರಿಯರ ದಶಾವತಾರ ಗಂಜೀಫದಲ್ಲಿ 120 ಎಲೆಗಳು, ಹತ್ತು ಬಣ್ಣಗಳು. ಐದು ಬಣ್ಣಗಳಲ್ಲಿ ರಾಜ, ಮಂತ್ರಿಗಳ ನಂತರ ಹತ್ತು ದೊಡ್ಡದು. ಉಳಿದ ಐದರಲ್ಲಿ ಒಂದು ದೊಡ್ಡದು, ಹತ್ತೇ ಕಟ್ಟಕಡೆಯದು. ತಾವೇ ಎಲೆಯಾಟಗಳನ್ನು ರೂಪಿಸಿ ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಸೇರಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಕಾಲದವರಿಗೆ, ಅಂಕಿ ತಾನಾಗಿಯೇ ಬೆಲೆಯಲ್ಲ ಎಂದು ಹೇಳಿಕೊಡಬೇಕಾಗಿರಲಿಲ್ಲ.

"ತಾತಾ, ಪಟ್ಟಿ ಇಲ್ಲದಿದ್ದರೆ ಚಿಕ್ಕವರು ಹೇಗೆ ಆರಿಸಿಕೊಳ್ತಾರೆ?" ಎಂದು ಹಿರಿಯವನು ವಾದಿಸಿದ. ನ್ಯಾಯವಾದ ಪ್ರಶ್ನೆಯೇ. ಪಟ್ಟಿ ಇರಲಿ, ಅಂಕದ ಪಕ್ಕದಲ್ಲಿ ಕಾರಣವೂ ಇರಲಿ, ಯಾವ ಕೈಗೆ, ಎಷ್ಟನೆಯ ಆಯ್ಕೆಗೆ ಎಂಬುದೂ ಇರಲಿ ಎಂದೆ. ಅಷ್ಟೆಲ್ಲ ಬರೆಯಲು ಬಾಗಿಲು ಸಾಲದು ಎಂದ. ಅವನಿಗೆ ಬುದ್ಧಿ ಹೇಳುವಾಗ ನನಗೂ ಒಳಗೊಳಗೇ ಮುಜುಗರವಾಗುತ್ತಿತ್ತು. ಮುಳಬಾಗಿಲು ಕಡೆಯ ಶಾಲೆಯೊಂದರಲ್ಲಿ ನಾನೂ ಎಷ್ಟೋ ವರ್ಷ ಮಕ್ಕಳನ್ನು ಅಂಕಗಳ ಪ್ರಕಾರ ಸಾಲು ಹಿಡಿದು ಕೂರಿಸಿದವನೇ.

ದಸರೆ ರಜೆಗೆ ಬರುವ ಮೊದಲು ಕಿರಿಯವಳು ಫೋನು ಮಾಡಿದ್ದಳು. ಕೇಳಿದ್ದು ಒಂದೇ ಪ್ರಶ್ನೆ: "ತಾತಾ, ಅಣ್ಣ ಹಾವುಗಳನ್ನ ಕಮ್ಮಿ ಮಾಡಿದ್ದಾನಾ?"