ಪೈಪಿಗೆ ಅಂಜಿ, ಡಬ್ಬಿಗೆ ನಾಚಿ ಎಷ್ಟ ದಿನಾ ಗುಳಿಗಿ ನುಂಗೂದು?

ಅಕ್ಕಾರ, ವೈನ್ಯಾರ, ನಮ್ಮ ವಯಸ್ಸಿನ ಹೆಣ್ಮಕ್ಕಳ ಪರ್ಸ್ ತಗದು ನೋಡಿದ್ರ ಗ್ಯಾಸಿನ ಗುಳಿಗಿ ಇದ್ದ ಇರ್ತಾವ. ಹೊಟ್ಟ್ಯಾಗ ಸಂಕಟ, ಹುಳಿ ತೇಗು, ಎದಿ ಉರಿ. "ನಿನ್ನೆ ಮಿರ್ಚಿ ಭಜಿ ತಿಂದಿದ್ದೆ, ಅದಕ್ಕ" ಅಂತ ನಾವ ತೀರ್ಮಾನ ಮಾಡಿ ಗುಳಿಗಿ ನುಂಗ್ತೀವಿ. ಹಿಂಗ ವರ್ಷಗಟ್ಟಲೆ ನಡೀತದ. ದವಾಖಾನಿಗೆ ಹೋಗೂದಿಲ್ಲ, ಯಾಕಂದ್ರ ಗಂಟಲದಾಗ ಪೈಪ್ ಹಾಕ್ತಾರ ಅಂತ ಅಂಜಿಕಿ, ಎರಡಕ್ಕ ಹೋದದ್ದನ್ನ ಡಬ್ಬ್ಯಾಗ ಕೊಡ್ರಿ ಅಂತಾರ ಅಂತ ನಾಚಿಕಿ. ನನ್ನ ಪ್ರಕಾರ ಈ ಎರಡನ್ನೂ ಬಿಡಬೇಕು.

ಹೊಟ್ಟಿ ಹುಣ್ಣಿಗೆ ಖಾರ, ಚಿಂತಿನ ಕಾರಣ ಅಂತ ಡಾಕ್ಟರರೂ ಭಾಳ ವರ್ಷ ನಂಬಿದ್ರು. ಆಸ್ಟ್ರೇಲಿಯಾದ ಪರ್ತ್ ಊರಾಗ ರಾಬಿನ್ ವಾರೆನ್, ಬ್ಯಾರಿ ಮಾರ್ಷಲ್ ಅನ್ನೋ ಇಬ್ರು ಡಾಕ್ಟರು 1982ರಾಗ ಜಠರದಾಗಿನ ಒಂದು ಬ್ಯಾಕ್ಟೀರಿಯಾ ಬೆಳಸಿ ತೋರಿಸಿದ್ರು. ಅದರ ಹೆಸರು ಹೆಲಿಕೋಬ್ಯಾಕ್ಟರ್ ಪೈಲೋರಿ. ಮಂದಿ ನಂಬಲಿಲ್ಲ ಅಂತ ಮಾರ್ಷಲ್ 1984ರಾಗ ಅದನ್ನ ತಾವ ಕುಡಿದು ಜಡ್ಡು ಬಿದ್ರು! 2005ರಾಗ ಇಬ್ಬರಿಗೂ ನೊಬೆಲ್ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1994ರಾಗ ಇದನ್ನ ಕ್ಯಾನ್ಸರ್ ತರೂ ವಸ್ತುಗಳ ಪಟ್ಟಿಗೆ ಸೇರಿಸ್ತು. ಇದು ಇದ್ದವರಿಗೆಲ್ಲಾ ಕ್ಯಾನ್ಸರ್ ಆಗೂದಿಲ್ಲ. ಆದ್ರ ಬರೇ ಗುಳಿಗಿ ನುಂಗಿ ಮುಚ್ಚಿಡೂ ಮಾತಂತೂ ಅಲ್ಲ.

ಇದನ್ನ ಹಿಡೀಲಿಕ್ಕೆ ಈಗ ಪೈಪೇ ಬೇಕಂತಿಲ್ಲ. ಖಾಲಿ ಹೊಟ್ಟಿಲೆ ಹೋಗಿ ಒಂದು ಚೀಲದಾಗ ಉಸಿರು ಊದೂದು. ಆಮ್ಯಾಲೆ ಸ್ವಲ್ಪ ಯೂರಿಯಾ ಇರೋ ಔಷಧ ಕುಡಿಯೂದು. ಹೊಲದ ಗೊಬ್ಬರ ನೆನಸಿ ಅಂಜಬ್ಯಾಡ್ರಿ, ಯೂರಿಯಾ ನಮ್ಮ ರಕ್ತದಾಗೂ ಇರ್ತದ. ಇದರಾಗಿನ ಕಾರ್ಬನ್ನಿಗೆ ಮಾತ್ರ ಒಂದು ಗುರುತು ಇರ್ತದ. ಆ ಬ್ಯಾಕ್ಟೀರಿಯಾ ಹೊಟ್ಟ್ಯಾಗ ಇದ್ರ ಯೂರಿಯಾನ ಒಡೀತದ, ಗುರುತಿನ ಗಾಳಿ ರಕ್ತ ಸೇರಿ ಉಸಿರಿನ್ಯಾಗ ಹೊರಗ ಬರ್ತದ. ಅರ್ಧ ತಾಸಿನೊಳಗ ಮತ್ತೊಮ್ಮೆ ಊದಿದ್ರ ಮುಗೀತು. ಬಾಜೂ ಮನ್ಯಾಗ ಒಗ್ಗರಣಿ ಹಾಕಿದ್ದು ಗೊತ್ತಾಗ್ಲಿಕ್ಕೆ ಅವರ ಅಡಗಿ ಮನಿಗೆ ಹೋಗಬೇಕೇನು? ವಾಸನಿ ಸಾಕಲ್ಲ!

ಉಸಿರಿನ ಪರೀಕ್ಷೆ ಎಲ್ಲಾ ಊರಾಗ ಸಿಗೂದಿಲ್ಲ. ಮಲದ ಪರೀಕ್ಷೆಯಾಗೂ ಈ ಬ್ಯಾಕ್ಟೀರಿಯಾದ ಸುಳಿವು ಸಿಗ್ತದ. ಅದಕ್ಕ ನಾಚೂದು ಯಾಕ? ಕೂಸಿನ ಲಂಗೋಟಿ ಬಿಚ್ಚಿ ಹಸರ ಹೋಗ್ಯದೋ ಹಳದಿ ಹೋಗ್ಯದೋ ಅಂತ ಮನಿಮಂದಿಗೆಲ್ಲಾ ವರದಿ ಕೊಟ್ಟವರು ನಾವ! ನಮ್ಮ ಪಾಳಿ ಬಂದ್ರ ಸೆರಗು ಮುಚ್ಕೋತೀವಿ.

ಎರಡು ಮಾತು ನೆನಪಿಡ್ರಿ. ಗ್ಯಾಸಿನ ಗುಳಿಗಿ ಎರಡು ವಾರ, ಆಂಟಿಬಯಾಟಿಕ್ ನಾಲ್ಕು ವಾರ ಮೊದಲ ನಿಂತಿರಬೇಕು, ಇಲ್ಲಂದ್ರ ಬ್ಯಾಕ್ಟೀರಿಯಾ ಇದ್ರೂ ಇಲ್ಲ ಅಂತ ಬರಬಹುದು. ಡಾಕ್ಟರನ್ನ ಕೇಳೇ ನಿಲ್ಲಸ್ರಿ. ಇನ್ನ ಔಷಧದ ಕೋರ್ಸ್ ಕೊಟ್ರ ಪೂರ್ತಿ ಮುಗಸ್ರಿ, ನಾಲ್ಕು ವಾರ ಬಿಟ್ಟು ಹೋಗ್ಯದೋ ಇಲ್ಲೋ ಅಂತ ಮತ್ತ ನೋಡಸ್ರಿ. ರಕ್ತದ ಪರೀಕ್ಷೆ ಇದಕ್ಕ ಉಪಯೋಗಿಲ್ಲ, ಹಿಂದೆಂದೋ ಬಂದು ಹೋಗಿದ್ರೂ ಅದು ಅದ ಅಂತನ ತೋರಸ್ತದ.

ಎಲ್ಲಾ ಉರಿಗೂ ಈ ಬ್ಯಾಕ್ಟೀರಿಯಾನ ಕಾರಣ ಅಂತಲ್ಲ. ಮೊಳಕಾಲ ನೋವಿಗೆ ನುಂಗೂ ಗುಳಿಗಿಯಿಂದನೂ ಹುಣ್ಣು ಆಗ್ತಾವ. ಇನ್ನ ಮಲ ಡಾಂಬರಿನಂಗ ಕಪ್ಪಾದ್ರ, ವಾಂತ್ಯಾಗ ರಕ್ತ ಬಂದ್ರ, ಸುಮ್ಮಸುಮ್ಮನ ತೂಕ ಇಳದ್ರ, ತುತ್ತು ಗಂಟಲದಾಗ ಸಿಕ್ಕೊಂಡ್ರ ತಡಾ ಮಾಡಬ್ಯಾಡ್ರಿ. ಅವಾಗ ಪೈಪ್ ಹಾಕಿ ನೋಡೂದ ಛಲೋ, ಅಂಜಿ ಕೂಡಬಾರದು.

ಉಳಿದವರು ದವಾಖಾನ್ಯಾಗ ಧೈರ್ಯದಿಂದ ಕೇಳ್ರಿ: "ಡಾಕ್ಟರ, ನನಗ ಉಸಿರಿಂದು ಇಲ್ಲಾ ಡಬ್ಬಿ ಪರೀಕ್ಷೆ ಸಾಕಾಗ್ತದೇನ್ರಿ?" ಕೇಳಲಿಕ್ಕೆ ರೊಕ್ಕ ಬೀಳೂದಿಲ್ಲ.