ಚಕ್ರ ಜೋಡಿಸಿದ ಮೇಲಿನ ಎರಡು ನಿಮಿಷ



ಕಳೆದ ದೀಪಾವಳಿ ಕಾರ್ಯಕ್ರಮಕ್ಕೆಂದು ಕೊಲಂಬಸ್‌ನಿಂದ ಕ್ಲೀವ್‌ಲ್ಯಾಂಡ್ ಕಡೆಗೆ ಹೊರಟಿದ್ದ ನಮ್ಮ ಕುಟುಂಬವು ಹೆದ್ದಾರಿ 71ರ ಅಂಚಿನಲ್ಲಿ ಒಂದು ಗಂಟೆಗೂ ಹೆಚ್ಚು ಕಾಲ ನಿಲ್ಲಬೇಕಾಯಿತು. ಹಿಂದಿನ ಆಸನದಲ್ಲಿ ಇಬ್ಬರು ಮಕ್ಕಳು, ಅವರ ನಡುವೆ ಊರಿನಿಂದ ಬಂದಿದ್ದ ನಮ್ಮ ತಾಯಿಯವರು. ಡಿಕ್ಕಿಯಲ್ಲಿ ಮಕ್ಕಳ ನಾಟಕದ ವೇಷಭೂಷಣ ಮತ್ತು ಎರಡು ಡಬ್ಬಿ ಕೋಡುಬಳೆ. ಹೊರಟು ನಲವತ್ತು ಮೈಲಿ ಆಗುವಷ್ಟರಲ್ಲಿ ಮುಂದಿನ ಎಡ ಚಕ್ರದಿಂದ ಟಕ್ ಟಕ್ ಎಂಬ ಸದ್ದು ಕೇಳತೊಡಗಿತು. ರಸ್ತೆಯೇ ಸರಿಯಿಲ್ಲವೆಂದು ನಾವು ಮುಂದುವರಿದೆವು. ಸದ್ದು ಹೆಚ್ಚಿ ಸ್ಟೀರಿಂಗ್ ನಡುಗಿದಾಗ ತಾಯಿಯವರು, "ಏನೋ ಸಡಿಲ ಆದ ಹಾಗಿದೆ, ಪಕ್ಕಕ್ಕೆ ನಿಲ್ಲಿಸಪ್ಪ" ಎಂದರು. ನಿಲ್ಲಿಸಿ ನೋಡಿದರೆ, ಐದು ನಟ್ಟುಗಳಲ್ಲಿ ಮೂರು ಬೆರಳಿನಿಂದಲೇ ತಿರುಗುತ್ತಿದ್ದವು. ಆ ಟೈರುಗಳನ್ನು ನಾವು ಹಿಂದಿನ ಸಂಜೆಯಷ್ಟೇ, ಅಕ್ಕಿ, ಹಾಲು, ಹಾಸಿಗೆ, ಟಿವಿ ಎಲ್ಲವನ್ನೂ ಮಾರುವ ದೊಡ್ಡ ಮಳಿಗೆಯೊಂದರ ವಾಹನ ವಿಭಾಗದಲ್ಲಿ ಹಾಕಿಸಿದ್ದೆವು.

ಆ ಮಳಿಗೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಉದ್ದೇಶ ದೂರು ಹೇಳುವುದಲ್ಲ. ಅಂದು ತಪ್ಪಿದ್ದು ಮಳಿಗೆಯವರೊಬ್ಬರೇ ಅಲ್ಲ, ನಾವೂ ತಪ್ಪಿದ್ದೆವು ಎಂಬುದೇ ಈ ಬರಹದ ಸಾರ.

ಮೊದಲು ನಮ್ಮ ತಪ್ಪನ್ನು ಹೇಳುತ್ತೇವೆ. ಅಂದು ಸಂಜೆ ನಾವು ಕೌಂಟರಿನ ಮುಂದೆ ಕಾಲು ಗಂಟೆ ಮಾತನಾಡಿದೆವು. ನಾಲ್ಕು ಟೈರಿಗೆ ಎಷ್ಟು ರಿಯಾಯಿತಿ, ಹಳೆಯ ಟೈರಿನ ವಿಲೇವಾರಿ ಶುಲ್ಕ ಏಕೆ, ಮೊಳೆ ಚುಚ್ಚಿದರೆ ವಾರಂಟಿ ಸಿಗುವುದೋ ಇಲ್ಲವೋ, ಬ್ಯಾಲೆನ್ಸಿಂಗ್ ಬೆಲೆಯೊಳಗೆ ಸೇರಿದೆಯೋ, ಹೀಗೆ ಎಲ್ಲವನ್ನೂ ಕೇಳಿದೆವು. ಕೆಲಸದ ಬಗ್ಗೆ ಮಾತ್ರ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕೀಲಿ ಕೊಟ್ಟು ಒಳಗೆ ಹೋಗಿ ದಿನಸಿ ಕೊಂಡೆವು. ಫೋನಿಗೆ ಸಂದೇಶ ಬಂದಾಗ ಹೊರಗೆ ಬಂದು, ಕಾರಿನ ಸುತ್ತ ಒಂದು ಸುತ್ತೂ ಹಾಕದೆ ಮನೆಗೆ ನಡೆದೆವು. ಇಪ್ಪತ್ತು ವರ್ಷಗಳಿಂದ ರೋಗಿಗಳನ್ನು ನೋಡುತ್ತಿರುವ ನಮಗೆ ಈ ನಡವಳಿಕೆಯ ಪರಿಚಯ ಚೆನ್ನಾಗಿಯೇ ಇದೆ. ವಿಮೆ ಎಷ್ಟು ಭರಿಸುತ್ತದೆ ಎಂದು ಹತ್ತು ಬಾರಿ ಕೇಳುವವರು, ಬರೆದುಕೊಟ್ಟ ಮಾತ್ರೆ ಏತಕ್ಕೆ ಎಂದು ಒಮ್ಮೆಯೂ ಕೇಳದೆ ಎದ್ದು ಹೋಗುತ್ತಾರೆ. ಬೆಲೆಯಲ್ಲಿ ಎಚ್ಚರ, ಕೆಲಸದಲ್ಲಿ ಕುರುಡು ನಂಬಿಕೆ: ಅಂದು ನಾವು ಮಾಡಿದ್ದೂ ಅದನ್ನೇ.

ನಮ್ಮ ಊರಿನ ಪಂಕ್ಚರ್ ಅಂಗಡಿಯನ್ನು ನೆನೆಯಿರಿ. ರಸ್ತೆ ಬದಿಯ ಮರಕ್ಕೆ ಹಳೆಯ ಟೈರೊಂದನ್ನು ತೂಗುಹಾಕಿದ್ದರೆ ಅದೇ ಬೋರ್ಡು. ಅಂಗಡಿಯವನು ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ತಿರುಗಿಸುತ್ತಾನೆ. ಗುಳ್ಳೆ ಎದ್ದ ಜಾಗವನ್ನು ಅವನೂ ನೋಡುತ್ತಾನೆ, ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತ ನಾವೂ ನೋಡುತ್ತೇವೆ. ತೇಪೆ ಹಾಕಿದ ಮೇಲೆ ಮತ್ತೊಮ್ಮೆ ಅದ್ದಿ, "ನೋಡಿ ಸಾರ್, ಈಗ ಇಲ್ಲ" ಎನ್ನುತ್ತಾನೆ. ಅಲ್ಲಿನ ಉಪಕರಣಗಳು ಹಳೆಯವು, ಅನೇಕ ಕ್ರಮಗಳು ಇಂದಿನ ಟೈರುಗಳಿಗೆ ಸರಿಯಾದವೂ ಅಲ್ಲ. ಆದರೆ ಕೆಲಸ ಮುಗಿಯುವಾಗ ಎರಡು ಜೊತೆ ಕಣ್ಣುಗಳು ಅದನ್ನು ನೋಡಿರುತ್ತವೆ. ಇಲ್ಲಿಯ ದೊಡ್ಡ ಮಳಿಗೆಯಲ್ಲಿ ಯಂತ್ರಗಳು ಉತ್ತಮ, ಬೆಳಕು ಧಾರಾಳ. ಆದರೆ ಕೆಲಸ ನಡೆಯುವ ಜಾಗಕ್ಕೆ ಗ್ರಾಹಕರಿಗೆ ಪ್ರವೇಶವಿಲ್ಲ. ಸುರಕ್ಷತೆಯ ದೃಷ್ಟಿಯಿಂದ ಅದು ಸರಿಯೇ. ಹಾಗಾಗಿ ಎರಡನೆಯ ಜೊತೆ ಕಣ್ಣುಗಳಿಗೆ ಉಳಿಯುವ ಅವಕಾಶ ಒಂದೇ: ಕಾರು ಹೊರಗೆ ಬಂದ ಮೇಲಿನ ಎರಡು ನಿಮಿಷ.

ತಪ್ಪು ಎಲ್ಲಿ ಹುಟ್ಟುತ್ತದೆ? ನಾವು ಹೋದ ಮಳಿಗೆಯಲ್ಲಿ ಬೇಡಿಕೆ ಬರೆದುಕೊಂಡವರು ಒಬ್ಬರು, ಟೈರು ಕೂರಿಸಿದವರು ಇನ್ನೊಬ್ಬರು, ಕೀಲಿ ಹಿಂದಿರುಗಿಸಿದವರು ಮತ್ತೊಬ್ಬರು. ಆಸ್ಪತ್ರೆಯಲ್ಲಿಯೂ ಪಾಳಿ ಬದಲಾಗುವ ಹೊತ್ತು, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ರೋಗಿ ದಾಟುವ ಹೊತ್ತು, ಅತ್ಯಂತ ಎಚ್ಚರ ಬೇಡುವ ಹೊತ್ತು. ಅಲ್ಲಿ ಕಳೆದುಹೋಗುವುದು ಜ್ಞಾನವಲ್ಲ, ಒಂದು ಸಣ್ಣ ಹೆಜ್ಜೆ. ಇದನ್ನು ಮನಗಂಡೇ ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ಶಸ್ತ್ರಚಿಕಿತ್ಸೆಗೆ ಒಂದು ಪರಿಶೀಲನಾ ಪಟ್ಟಿಯನ್ನು ಹೊರತಂದಿತು. ದೆಹಲಿಯೂ ಸೇರಿದಂತೆ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಅದನ್ನು ಬಳಸಿ ನೋಡಿದ ಅಧ್ಯಯನವು 2009ರಲ್ಲಿ ಪ್ರಕಟವಾಯಿತು. ಶಸ್ತ್ರಚಿಕಿತ್ಸೆಯ ನಂತರದ ಮರಣ ಪ್ರಮಾಣವು ಶೇಕಡಾ 1.5ರಿಂದ 0.8ಕ್ಕೆ ಇಳಿದಿತ್ತು. ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ. ಎಲ್ಲರೂ ಒಂದು ಕ್ಷಣ ನಿಂತು, ಬಾಯಿ ಬಿಟ್ಟು ಹೇಳಿ, ಕಿವಿಗೊಟ್ಟು ಕೇಳಿದ್ದಷ್ಟೇ.

ಆದರೆ ಪಟ್ಟಿಯೊಂದೇ ಸಾಲದು ಎಂಬುದನ್ನು ಅದೇ ಮಳಿಗೆಯ ಬಿಲ್ಲು ನಮಗೆ ಕಲಿಸಿತು. ಮರುದಿನ ಅದನ್ನು ಬಿಚ್ಚಿ ನೋಡಿದೆವು. "ನಟ್ಟುಗಳ ಬಿಗಿತ ಪರಿಶೀಲಿಸಲಾಗಿದೆ" ಎಂಬ ಅರ್ಥದ ಸಾಲಿನ ಮುಂದೆ ಅಚ್ಚುಕಟ್ಟಾಗಿ ಸರಿ ಗುರುತು ಹಾಕಲಾಗಿತ್ತು! ಗುರುತು ಹಾಕುವುದು ಬೇರೆ, ಮಾಡುವುದು ಬೇರೆ. ಆಸ್ಪತ್ರೆಗಳಲ್ಲಿಯೂ ಪಟ್ಟಿಯು ಬರಿಯ ಕಾಗದವಾಗಿ ಉಳಿಯುವುದನ್ನು ನಾವು ಕಂಡಿದ್ದೇವೆ. ಕೇಳುವವರೊಬ್ಬರು ಎದುರಿಗೆ ಇದ್ದಾಗ ಆ ಗುರುತಿಗೆ ಜೀವ ಬರುತ್ತದೆ.

ಇಲ್ಲಿ ನಟ್ಟಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪ್ರತಿಯೊಂದು ಕಾರಿಗೂ ಚಕ್ರದ ನಟ್ಟನ್ನು ಎಷ್ಟು ಬಿಗಿಯಬೇಕೆಂಬ ನಿಗದಿತ ಅಳತೆಯಿದ್ದು, ಅದು ಕಾರಿನ ಕೈಪಿಡಿಯಲ್ಲಿರುತ್ತದೆ. ಅನೇಕ ಸಾಧಾರಣ ಕಾರುಗಳಿಗೆ ಅದು 80ರಿಂದ 100 ಅಡಿ-ಪೌಂಡ್‌ಗಳ ಆಸುಪಾಸು. ಗಾಳಿಯ ಗನ್ನಿನಿಂದ ತಿರುಗಿಸಿ ಬಿಟ್ಟರೆ ಬಿಗಿತ ಕಡಿಮೆಯಾಗಲೂಬಹುದು, ಹೆಚ್ಚಾಗಲೂಬಹುದು. ಕಡಿಮೆಯಾದರೆ ನಮಗಾದಂತೆ ಆಗುತ್ತದೆ. ಹೆಚ್ಚಾದರೆ ಬೋಲ್ಟು ಹಿಗ್ಗಿ ದುರ್ಬಲವಾಗುತ್ತದೆ. ನಡುರಾತ್ರಿ ಟೈರು ಬದಲಿಸಬೇಕಾದಾಗ ಕಾರಿನೊಂದಿಗೆ ಬರುವ ಪುಟ್ಟ ಸ್ಪ್ಯಾನರಿಗೆ ಅದು ಜಗ್ಗುವುದೂ ಇಲ್ಲ. ಆದ್ದರಿಂದ ಕೊನೆಯ ಬಿಗಿತವನ್ನು ಟಾರ್ಕ್ ರೆಂಚ್‌ನಿಂದ, ಒಂದು ನಟ್ಟಿನಿಂದ ಅದರ ಎದುರಿನ ನಟ್ಟಿಗೆ ಹೋಗುವ ನಕ್ಷತ್ರದ ಕ್ರಮದಲ್ಲಿ ಕೊಡಬೇಕು. ಇಷ್ಟು ಮಾಡಿದರೂ, ಚಕ್ರ ಮತ್ತು ಹಬ್ಬಿನ ನಡುವೆ ತುಕ್ಕೋ ಕೊಳೆಯೋ ಇದ್ದರೆ ಓಡಾಟದಲ್ಲಿ ಅದು ಅದುಮಿಹೋಗಿ ನಟ್ಟು ಸಡಿಲಾಗಬಹುದು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ನಮ್ಮಂಥ ರಾಜ್ಯಗಳಲ್ಲಿ ತುಕ್ಕಿಗೆ ಬರವಿಲ್ಲ. 50ರಿಂದ 100 ಮೈಲಿ ಓಡಿದ ಮೇಲೆ ಮತ್ತೊಮ್ಮೆ ಬಿಗಿತ ನೋಡಬೇಕೆಂಬ ಸಲಹೆ ಇರುವುದು ಈ ಕಾರಣಕ್ಕೆ. ನಮ್ಮ ಬಿಲ್ಲಿನ ಕೆಳಭಾಗದಲ್ಲಿಯೂ ಸಣ್ಣ ಅಕ್ಷರದಲ್ಲಿ ಅದು ಇತ್ತು. ನಾವು ಓದಿರಲಿಲ್ಲ.

ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ಅನ್ಯಾಯವಾದೀತು. ಇಂಥದೇ ಮಳಿಗೆಗಳಲ್ಲಿ ನಾವು ಸಿಡಿಮಿಡಿಗೊಂಡ ಎರಡು ಪ್ರಸಂಗಗಳಲ್ಲಿ ಸರಿಯಾಗಿದ್ದವರು ಅವರು, ತಪ್ಪಿದ್ದವರು ನಾವು. ಒಮ್ಮೆ ಟೈರಿನ ಅಂಚಿಗೆ ಮೊಳೆ ಚುಚ್ಚಿತ್ತು. ದುರಸ್ತಿ ಸಾಧ್ಯವಿಲ್ಲ, ಹೊಸದು ಹಾಕಬೇಕು ಎಂದರು. "ಹಾಸನದಲ್ಲಾಗಿದ್ದರೆ ಹತ್ತು ನಿಮಿಷದ ಕೆಲಸ" ಎಂದು ನಾವು ಗೊಣಗಿದೆವು. ನೆಲಕ್ಕೆ ತಾಗುವ ಮೈಯಲ್ಲಿ, ಕಾಲು ಅಂಗುಲದೊಳಗಿನ ತೂತನ್ನು ಮಾತ್ರ, ಟೈರನ್ನು ರಿಮ್ಮಿನಿಂದ ಕಳಚಿ ಒಳಗಿನಿಂದ ಪರೀಕ್ಷಿಸಿ ಮುಚ್ಚಬೇಕೆಂಬುದು ಇಲ್ಲಿನ ಉದ್ಯಮದ ನಿಯಮ. ಅಂಚೂ ಪಕ್ಕವೂ ಪ್ರತಿ ಸುತ್ತಿಗೂ ಬಾಗುವ ಭಾಗಗಳಾದುದರಿಂದ ಅಲ್ಲಿನ ತೇಪೆ ನಂಬಿಕೆಗೆ ಅರ್ಹವಲ್ಲ. ಇನ್ನೊಮ್ಮೆ ಎರಡೇ ಹೊಸ ಟೈರು ಕೊಂಡಾಗ ಅವನ್ನು ಹಿಂದಿನ ಚಕ್ರಗಳಿಗೆ ಹಾಕಿದ್ದರು. ಎಂಜಿನ್ನು ಎಳೆಯುವುದು ಮುಂದಿನ ಚಕ್ರಗಳನ್ನಲ್ಲವೇ ಎಂದು ವಾದಿಸಿದೆವು. ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರಗಳು ಹಿಡಿತ ತಪ್ಪಿದರೆ ಕಾರು ಗಿರ್ರನೆ ತಿರುಗಿಬಿಡುತ್ತದೆ, ಅದನ್ನು ಸಂಭಾಳಿಸುವುದು ಬಹು ಕಷ್ಟ ಎಂದು ಅಲ್ಲಿದ್ದ ಯುವಕ ಸಮಾಧಾನದಿಂದ ವಿವರಿಸಿದ. ಪ್ರಶ್ನೆ ಕೇಳುವುದು ತಪ್ಪು ಹಿಡಿಯುವುದಕ್ಕಷ್ಟೇ ಅಲ್ಲ, ಸರಿಯಾದುದನ್ನು ಅರಿಯುವುದಕ್ಕೂ ಎಂಬುದು ಅಂದು ನಮಗೆ ತಿಳಿಯಿತು.

ಹಾಗಾದರೆ ಆ ಎರಡು ನಿಮಿಷದಲ್ಲಿ ಮಾಡಬೇಕಾದುದೇನು? ಕಾರನ್ನು ನಿಲುಗಡೆಯಿಂದ ಹೊರಡಿಸುವ ಮುನ್ನ ನಾಲ್ಕೂ ಚಕ್ರಗಳನ್ನು ಒಂದು ಸುತ್ತು ನೋಡಿ, ನಟ್ಟುಗಳನ್ನು ಎಣಿಸಿ. ಟಾರ್ಕ್ ರೆಂಚ್‌ನಿಂದ ಎಷ್ಟಕ್ಕೆ ಬಿಗಿದರು ಎಂದು ಕೇಳಿ. ಅಂಕಿಯೊಂದು ಉತ್ತರವಾಗಿ ಬಂದರೆ ಕೆಲಸ ನಡೆದಿರುವ ಸಂಭವ ಹೆಚ್ಚು. "ಎಲ್ಲಾ ಸರಿಯಿದೆ" ಎಂಬ ಉತ್ತರ ಬಂದರೆ, ದಯವಿಟ್ಟು ನಮ್ಮೆದುರಿಗೆ ಇನ್ನೊಮ್ಮೆ ನೋಡಿ ಎಂದು ವಿನಯದಿಂದಲೇ ಕೋರಿ.

ಆಮೇಲೆ ಗಾಳಿ. ಚಾಲಕನ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಅಂಟಿಸಿರುವ ಚೀಟಿಯಲ್ಲಿರುವುದೇ ಸರಿಯಾದ ಪ್ರಮಾಣ; ಟೈರಿನ ಮೇಲೆ ಅಚ್ಚಾಗಿರುವುದು ಗರಿಷ್ಠ ಮಿತಿ. ಉಷ್ಣಾಂಶ ಹತ್ತು ಡಿಗ್ರಿ ಫ್ಯಾರನ್‌ಹೀಟ್ ಇಳಿದಂತೆ ಸುಮಾರು ಒಂದು ಪೌಂಡ್ ಗಾಳಿ ಇಳಿಯುತ್ತದೆ. ಎಚ್ಚರಿಕೆಯ ದೀಪವನ್ನೇ ನೆಚ್ಚಬೇಡಿ. 2008ರ ಮಾದರಿಯಿಂದೀಚೆಗೆ ಅಮೆರಿಕದಲ್ಲಿ ಮಾರಾಟವಾದ ಎಲ್ಲ ಹೊಸ ಕಾರುಗಳಲ್ಲಿಯೂ ಅದು ಇದ್ದರೂ, ಗಾಳಿ ಕಾಲು ಭಾಗದಷ್ಟು ಕುಸಿಯುವವರೆಗೆ ಅದು ಬೆಳಗದಿರಬಹುದು. 32 ಇರಬೇಕಾದೆಡೆ 26 ಇದ್ದರೂ ದೀಪ ಸುಮ್ಮನಿರಬಲ್ಲದು.

ಮೂರನೆಯದು ಟೈರಿನ ವಯಸ್ಸು. ಅದರ ಪಕ್ಕದಲ್ಲಿ ಡಿಒಟಿ ಅಕ್ಷರಗಳ ನಂತರ ಬರುವ ಸಂಕೇತದ ಕೊನೆಯ ನಾಲ್ಕು ಅಂಕಿಗಳನ್ನು ಓದಿ. 3524 ಎಂದಿದ್ದರೆ 2024ರ 35ನೆಯ ವಾರದಲ್ಲಿ ತಯಾರಾದದ್ದು. ಈ ಸಂಕೇತ ಕೆಲವೊಮ್ಮೆ ಒಳಮಗ್ಗುಲಿಗೆ ಬಿದ್ದಿರುತ್ತದೆ, ಆದ್ದರಿಂದ ಕೂರಿಸುವ ಮೊದಲೇ ಕೇಳುವುದು ಲೇಸು. ಕೊನೆಯದಾಗಿ, ಟೈರುಗಳನ್ನು ನಿಮ್ಮ ಹೆಸರಿನಲ್ಲಿ ನೋಂದಾಯಿಸಿ. ದೋಷ ಕಂಡು ತಯಾರಕರು ಹಿಂದಕ್ಕೆ ಕರೆಸಿಕೊಂಡರೆ, ನೋಂದಾಯಿಸಿದವರಿಗೆ ಪತ್ರ ಬರುತ್ತದೆ.

"ಹಣ ಕೊಟ್ಟಿದ್ದೇವೆ, ಸರಿಯಾಗಿ ಮಾಡುವುದು ಅವರ ಹೊಣೆ, ನಾವೇಕೆ ನೋಡಬೇಕು?" ಎಂದು ಕೆಲವರು ಕೇಳಿಯಾರು. ಹೊಣೆ ಅವರದೇ, ಅನುಮಾನವಿಲ್ಲ. ಮರುವಾರ ನಾವು ಹೋದಾಗ ವ್ಯವಸ್ಥಾಪಕರು ಕ್ಷಮೆ ಕೇಳಿದರು, ನಾಲ್ಕು ಚಕ್ರಗಳನ್ನೂ ನಮ್ಮ ಕಣ್ಣೆದುರು ಪರಿಶೀಲಿಸಿದರು, ರಸ್ತೆ ಸಹಾಯಕ್ಕೆ ತಗುಲಿದ ಹಣವನ್ನೂ ಮರಳಿಸಿದರು. ಹೊಣೆ ಅಲ್ಲಿಗೆ ತೀರಿತು. ಆದರೆ ಹಿಂದಿನ ಆಸನದಲ್ಲಿ ಕುಳಿತವರು ನಮ್ಮವರು. ಚಕ್ರ ಕಳಚಿಹೋದ ಮೇಲೆ ಹೊಣೆ ಯಾರದೆಂದು ತೀರ್ಮಾನಿಸಿ ಪ್ರಯೋಜನವೇನು? ಇನ್ನು ಕೆಲವರು, ಇಂಥ ಮಳಿಗೆಗಳ ಸಹವಾಸವೇ ಬೇಡ ಎಂದಾರು. ಆ ಮಾತನ್ನೂ ನಾವು ಒಪ್ಪುವುದಿಲ್ಲ. ಹೊಸದಾಗಿ ಬಂದು ಸಂಸಾರ ಹೂಡುವ ಕುಟುಂಬಗಳಿಗೆ ಅಲ್ಲಿನ ಬೆಲೆ ದೊಡ್ಡ ಆಸರೆ. ಅವಸರವಿರುವ ಕಡೆಯೆಲ್ಲ, ಅಂಗಡಿ ಸಣ್ಣದಾಗಲಿ ದೊಡ್ಡದಾಗಲಿ, ಒಂದು ಹೆಜ್ಜೆ ತಪ್ಪಬಹುದು. ಅಲ್ಲಿ ದುಡಿಯುವ ಯುವಕರನ್ನು ಗದರಿಸಿ ಪ್ರಯೋಜನವಿಲ್ಲ. ಚೆನ್ನಾಗಿ ಮಾಡಿದವರಿಗೆ ಹೆಸರು ಹಿಡಿದು ಕೃತಜ್ಞತೆ ಹೇಳುವುದನ್ನೂ ನಾವು ರೂಢಿಸಿಕೊಳ್ಳಬೇಕು.

ನಮ್ಮ ಸಂಘಕ್ಕೆ ಒಂದು ಕೋರಿಕೆ. ಪ್ರತಿ ಕಾರ್ಯಕ್ರಮಕ್ಕೂ ನಮ್ಮ ಸದಸ್ಯರು ದೂರದೂರಗಳಿಂದ ಕಾರಿನಲ್ಲೇ ಬರುತ್ತಾರೆ. ಸಂಘದ ಧ್ವನಿವರ್ಧಕ, ದೀಪದ ಕಂಬಗಳ ಜೊತೆಗೆ ಒಂದು ಟಾರ್ಕ್ ರೆಂಚ್ ಮತ್ತು ಗಾಳಿಯ ಮಾಪಕವನ್ನೂ ಕೊಂಡು ಇಡೋಣ. ಬೇಸಿಗೆಯ ವನಭೋಜನದ ದಿನ, ಊಟಕ್ಕೆ ಮುಂಚಿನ ಅರ್ಧ ಗಂಟೆ, ಬಲ್ಲವರು ಉಳಿದವರಿಗೆ ಅವುಗಳ ಬಳಕೆಯನ್ನು ತೋರಿಸಲಿ. ಕಾರು ಕಲಿಯುತ್ತಿರುವ ನಮ್ಮ ಮಕ್ಕಳು, ಹೆಣ್ಣುಮಕ್ಕಳೂ ಗಂಡುಮಕ್ಕಳೂ, ಮುಂದಿನ ಸಾಲಿನಲ್ಲಿ ನಿಲ್ಲಲಿ.

ಅಂದು ರಸ್ತೆ ಸಹಾಯಕ್ಕೆ ಬಂದವರು ನಟ್ಟು ಬಿಗಿಯುವಾಗ ರೆಂಚು ಪ್ರತಿ ನಟ್ಟಿಗೂ ಒಮ್ಮೆ 'ಕ್ಲಿಕ್' ಎನ್ನುತ್ತಿತ್ತು. ಕಂಬಳಿ ಹೊದ್ದು ರಸ್ತೆಯಾಚೆಯ ಹುಲ್ಲಿನ ಮೇಲೆ ನಿಂತಿದ್ದ ತಾಯಿಯವರು ಅದನ್ನು ಎಣಿಸುತ್ತಿದ್ದರು. ಇಪ್ಪತ್ತನೆಯದು ಕೇಳಿದ ಮೇಲೆಯೇ ಅವರು ಮಕ್ಕಳನ್ನು ಕಾರು ಹತ್ತಲು ಬಿಟ್ಟದ್ದು.