ಸೊಸೆಯನ್ನು ಕೇಳಿದವರಾರು?

ಕಳೆದ ಬೇಸಗೆಯಲ್ಲಿ ಕಾರ್ಯಾಂತರದಿಂದ ಎಮ್ಮೆದೊಡ್ಡಿಗೆ ಹೋಗಿದ್ದಾಗ, ಪರಿಚಿತರೊಬ್ಬರ ಮನೆಯ ಜಗಲಿಯಲ್ಲಿ ನಡೆದ ಮಾತು ಈ ಲೇಖನಕ್ಕೆ ಕಾರಣವಾಯಿತು. ಆ ಮನೆಯ ಸೊಸೆಗೆ ಇಪ್ಪತ್ತಮೂರು ವರ್ಷ. ಎರಡನೆಯ ಹೆರಿಗೆಯಾಗಿ ಮೂರು ತಿಂಗಳಾಗಿದ್ದಿತು. “ಬಿತ್ತನೆಗೆ ಮುಂಚೆ ಕಡೂರಿಗೆ ಕರಕೊಂಡು ಹೋಗಿ ಆಪರೇಷನ್ ಮಾಡಿಸಿಬಿಡೋಣ” ಎಂದರು ಮಾವ. ಅತ್ತೆ ತಲೆದೂಗಿದರು, ಗಂಡ ಸುಮ್ಮನಿದ್ದನು. ನನ್ನೊಡನಿದ್ದ ವಿದ್ಯಾವಂತ ಮಿತ್ರರು, “ನಮ್ಮ ಹೆಂಗಸರಿಗೆ ತಿಳಿವಳಿಕೆ ಸಾಲದು, ಮಾತ್ರೆಯೆಂದರೆ ಅಂಜುವರು, ವಂಕಿಯೆಂದರೆ ಓಡುವರು, ಬೇರೆ ದಾರಿಯೇನಿದೆ?” ಎಂದು ನಿಟ್ಟುಸಿರಿಟ್ಟರು. ಬಾಗಿಲ ಮರೆಯಲ್ಲಿ ನಿಂತಿದ್ದ ಆ ಹೆಣ್ಣುಮಗಳನ್ನು ಒಂದು ಮಾತು ಕೇಳಿದವರಿಲ್ಲ. ನಾನೂ ಕೇಳಲಿಲ್ಲವೆಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

ಹೆಂಗಸರಿಗೆ ತಿಳಿವಳಿಕೆಯಿಲ್ಲವೆಂಬ ಈ ಮಾತು ನಿಜವೆ? ಸಂತಾನನಿಯಮನವು ನಮ್ಮ ನಾಡಿಗೆ ನಿನ್ನೆ ಮೊನ್ನೆ ಬಂದುದಲ್ಲ. ಈ ಸೀಮೆಯು ಮೈಸೂರು ಸಂಸ್ಥಾನದ ಕಡೂರು ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, 1930ರಲ್ಲಿಯೇ, ಮೈಸೂರು ಸರಕಾರವು ತನ್ನ ಆಸ್ಪತ್ರೆಗಳಲ್ಲಿ ಇದಕ್ಕಾಗಿ ಸಲಹಾಕೇಂದ್ರಗಳನ್ನು ತೆರೆಯಲು ಅಪ್ಪಣೆ ಮಾಡಿತು. ಭಾರತ ಸರಕಾರವು ಇದನ್ನು ತನ್ನ ಕಾರ್ಯಕ್ರಮವಾಗಿ ಕೈಗೊಂಡುದು 1952ರಲ್ಲಿ. ಅದೇ ಸುಮಾರಿಗೆ, 1951–52ರಲ್ಲಿ, ವಿಶ್ವಸಂಸ್ಥೆಯೂ ಭಾರತ ಸರಕಾರವೂ ಕೂಡಿ ಮೈಸೂರು ಸೀಮೆಯಲ್ಲಿ ಜನಸಂಖ್ಯೆಯ ವಿಚಾರಣೆ ನಡೆಸಿದಾಗ, ಉಪಾಯಗಳನ್ನು ಅರಿತವರು ಕೆಲವರೇ ಆದರೂ ಅರಿಯಬೇಕೆಂಬ ಇಚ್ಛೆಯನ್ನು ಹಳ್ಳಿಯವರಲ್ಲಿಯೂ ಅನೇಕರು ತೋರಿದರು. ಕೊರತೆಯಿದ್ದುದು ಹೇಳಿಕೊಡುವವರದು; ಬಯಸುವವರದಲ್ಲ.

ಈಗಿನ ಲೆಕ್ಕವನ್ನು ನೋಡೋಣ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 57 ಮಂದಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಹೆಂಡತಿಯ ಬದಲು ತಾನು ಮಾಡಿಸಿಕೊಂಡ ಗಂಡಂದಿರೆಷ್ಟು? ನೂರಕ್ಕೆ ಒಬ್ಬನೂ ಇಲ್ಲ. ಲೆಕ್ಕಕ್ಕೆ ಸಿಕ್ಕುವುದು ಸೊನ್ನೆ. ಗರ್ಭನಿರೋಧವು ಹೆಂಗಸರ ಕೆಲಸ, ಗಂಡಸು ಅದರ ಚಿಂತೆ ಮಾಡಬೇಕಾಗಿಲ್ಲವೆಂದು ದೇಶದ ಗಂಡಸರಲ್ಲಿ ಮೂವರಿಗೊಬ್ಬರಂತೆ ಅದೇ ಸಮೀಕ್ಷೆಯಲ್ಲಿ ಹೇಳಿದ್ದಾರೆ. ಇಷ್ಟಾದ ಮೇಲೂ ನಾವು ಪರೀಕ್ಷಿಸುವುದು ಹೆಂಗಸರ ಮನೋಭಾವವನ್ನು! ವಿಚಾರಣೆ ಆಗಬೇಕಾದುದು ಯಾರ ಮನಸ್ಸಿನದು?

ಅವಳು ಮಾತ್ರೆಗೂ ವಂಕಿಗೂ ಅಂಜುವಳು, ಸರಿ. ಅದಕ್ಕೆ ಕಾರಣವಿಲ್ಲವೆ? ವಂಕಿಯಿಂದ ಮುಟ್ಟಿನ ಸ್ರಾವವು ಕೆಲವರಿಗೆ ಹೆಚ್ಚುವುದುಂಟು. ಕೂಲಿಗೆ ಹೋಗುವವಳಿಗೆ ಅದು ಸಣ್ಣ ತೊಂದರೆಯಲ್ಲ. ತೊಂದರೆಯಾದರೆ ಯಾರಲ್ಲಿಗೆ ಬರಬೇಕು, ಬೇರೆ ಯಾವ ಉಪಾಯವಿದೆ ಎಂಬುದನ್ನು ಕುಳಿತು ತಿಳಿಯಹೇಳಿದರೆ ಅರ್ಧ ಭಯ ಹೋದೀತು. ಮೂರು ತಿಂಗಳಿಗೊಮ್ಮೆ ಹಾಕುವ ‘ಅಂತರಾ’ ಚುಚ್ಚುಮದ್ದನ್ನೂ ‘ಛಾಯಾ’ ಮಾತ್ರೆಯನ್ನೂ ಸರಕಾರವು 2017ರಲ್ಲಿಯೇ ಆರಂಭಿಸಿದೆ. ಇವುಗಳ ಹೆಸರಾದರೂ ಆ ಜಗಲಿಯಲ್ಲಿ ಕೇಳಿಬಂದಿತೆ? ಕಾರಣವುಳ್ಳ ಅಂಜಿಕೆಯನ್ನು ಅಜ್ಞಾನವೆಂದು ಕರೆಯುವುದೇ ದೊಡ್ಡ ಅಜ್ಞಾನ.

“ಗಂಡಸು ಮಾಡಿಸಿಕೊಂಡರೆ ಶಕ್ತಿ ಕುಂದುವುದು, ದುಡಿಯುವವನು ಅವನಲ್ಲವೆ?” ಎನ್ನುವವರುಂಟು. ಗಂಡಸಿನ ಶಸ್ತ್ರಚಿಕಿತ್ಸೆಯಲ್ಲಿ ಹೊಟ್ಟೆಯನ್ನು ಮುಟ್ಟುವುದಿಲ್ಲ. ಆ ಜಾಗವನ್ನಷ್ಟೆ ಮರಗಟ್ಟಿಸಿ ಮಾಡುವರು. ಅಂದೇ ಮನೆಗೆ ಬರಬಹುದು. ಮುಂದಿನ ಮೂರು ತಿಂಗಳು ಬೇರೆ ಉಪಾಯದ ಎಚ್ಚರವಿದ್ದರೆ ಸಾಕು. ಪೌರುಷವೂ ಕುಂದದು, ದುಡಿಮೆಯೂ ಕುಂದದು. ಹೆಂಗಸಿನದು ಇದಕ್ಕಿಂತ ಹೆಚ್ಚಿನ ಶಸ್ತ್ರಕ್ರಿಯೆಯೆಂದು ವೈದ್ಯರೇ ಹೇಳುವರು. ಇನ್ನು ದುಡಿಮೆಯ ಮಾತು: ನಾಟಿ, ಕಳೆ, ನೀರು, ಸೌದೆ, ಸಗಣಿ, ಮಗು—ಇವೆಲ್ಲ ದುಡಿಮೆಯಲ್ಲವೇನು?

“ತುರ್ತುಪರಿಸ್ಥಿತಿಯ ಬಲವಂತವನ್ನು ಗಂಡಸರು ಮರೆತಿಲ್ಲ” ಎಂಬುದು ಮತ್ತೊಂದು ಆಕ್ಷೇಪ. ಅದು ಸತ್ಯ. 1976–77ರಲ್ಲಿ ದೇಶದಲ್ಲಿ ನಡೆದ ಎಂಬತ್ತು ಲಕ್ಷಕ್ಕೂ ಮೀರಿದ ಶಸ್ತ್ರಚಿಕಿತ್ಸೆಗಳಲ್ಲಿ ಬಹುಪಾಲು ಗಂಡಸರವು; ಅನೇಕರಿಗೆ ಬಲವಂತದಿಂದ ಆದವು. ಆ ಅನ್ಯಾಯಕ್ಕೆ ದೇಶವೇ ಸಿಡಿದೆದ್ದಿತು, 1977ರಲ್ಲಿ ಸರಕಾರವೇ ಉರುಳಿತು. ಅಂದಿನಿಂದ ಆ ಭಾರವೆಲ್ಲ ಹೆಂಗಸಿನ ಮೈಮೇಲೆ ಸದ್ದಿಲ್ಲದೆ ಬಿದ್ದಿದೆ. ಇದಕ್ಕಾಗಿ ಯಾವ ಸಿಂಹಾಸನ ಅಲುಗಿತು?

ಮದಗದಕೆರೆಯ ಆಸರೆಯಲ್ಲಿ ಬದುಕುವ ನಾವು ‘ಕೆರೆಗೆ ಹಾರ’ದ ಭಾಗೀರಥಿಯನ್ನು ಮರೆಯಬಾರದು. ಕೆರೆಗೆ ನೀರು ಬರಬೇಕಾದುದು ಊರಿಗೆಲ್ಲ. ಬಲಿಯಾದವಳು ಕಿರಿಯ ಸೊಸೆ. ಆ ಕಥೆಗೆ ನಾವು ಕಣ್ಣೀರಿಡುವೆವು. ಮನೆಯ ಸೊಸೆಯನ್ನು ಮಾತ್ರ ಇಂದಿಗೂ ಕೇಳದೆಯೇ ಕಳುಹಿಸುವೆವು.

ಶಸ್ತ್ರಚಿಕಿತ್ಸೆ ತಪ್ಪೆಂದು ನನ್ನ ವಾದವಲ್ಲ. ತಾನಾಗಿ ಬಯಸಿದವಳಿಗೆ ಅದು ವರವೇ ಸರಿ. ನನ್ನ ಬೇಡಿಕೆ ಎರಡೇ. ಮೊದಲನೆಯದು, ಅವಳನ್ನು ಕೇಳಿರಿ. ಗಂಡನ ಒಪ್ಪಿಗೆ ಬೇಕೆಂದು ಸರಕಾರದ ನಿಯಮವೂ ಹೇಳುವುದಿಲ್ಲ. ಎರಡನೆಯದು, ಗಂಡನು ತನ್ನ ಪಾಲನ್ನು ಹೊರಲಿ. ಓದುಬರಹ ಬಲ್ಲ ನಮ್ಮ ಮನೆಗಳಲ್ಲಿಯೇ ಇದು ನಡೆಯದಿದ್ದರೆ, ಎಮ್ಮೆದೊಡ್ಡಿಯ ಜಗಲಿಗೆ ಬುದ್ಧಿ ಹೇಳುವ ಅಧಿಕಾರ ನಮಗೆಲ್ಲಿಯದು?